ವಿಳಾಸವಿದ್ದರೆ ಸಾಲದು, ಋಣವಿರಬೇಕು

ಚುನಾವಣೆಗೆ ನಿಲ್ಲಲು ಬೇಕಾದ ಅರ್ಹತೆ ಏನೆಂಬುದನ್ನು ಕಾನೂನು ಹೇಳುತ್ತದೆ. ಒಂದು ಊರನ್ನು ಪ್ರತಿನಿಧಿಸಲು ಬೇಕಾದ ಅರ್ಹತೆ ಏನೆಂಬುದನ್ನು ಆ ಊರೇ ಹೇಳಬೇಕಾಗುತ್ತದೆ. ಇವೆರಡರ ನಡುವಣ ಅಂತರವನ್ನು ಮತದಾರರು ಮರೆತಾಗ ಅದರ ಬೆಲೆ ತೆರುವುದು ಬೆಟ್ಟ, ಹಳ್ಳ ಮತ್ತು ಅವುಗಳನ್ನು ನಂಬಿದ ಜನ.

ಅಮೆರಿಕದ ಸಂಸತ್ತಿಗೆ ಕಾಂಗ್ರೆಸ್ ಎಂದು ಹೆಸರು. ಅದರ ಕೆಳಮನೆಯಾದ ಪ್ರತಿನಿಧಿ ಸಭೆಗೆ ಸ್ಪರ್ಧಿಸುವವರಿಗೆ ಆ ದೇಶದ ಸಂವಿಧಾನ ವಿಧಿಸಿರುವ ಷರತ್ತುಗಳು ಮೂರೇ: 25 ವರ್ಷ ವಯಸ್ಸಾಗಿರಬೇಕು, 7 ವರ್ಷಗಳಿಂದ ದೇಶದ ನಾಗರಿಕರಾಗಿರಬೇಕು, ಆಯ್ಕೆಯಾಗುವ ಹೊತ್ತಿಗೆ ಆ ರಾಜ್ಯದ ನಿವಾಸಿಯಾಗಿರಬೇಕು. ಎಷ್ಟು ವರ್ಷದಿಂದ ನಿವಾಸಿ ಎಂಬ ಪ್ರಶ್ನೆಯೇ ಅಲ್ಲಿಲ್ಲ. ರಾಜ್ಯಗಳು ತಮ್ಮದೇ ಹೆಚ್ಚಿನ ಷರತ್ತುಗಳನ್ನು ಸೇರಿಸುವಂತಿಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪಿತ್ತಿದೆ. ಎಂದರೆ, ಪಕ್ಕದ ರಾಜ್ಯದಲ್ಲಿ ರಾಜಕಾರಣ ಮಾಡಿ ಸೋತವರು ಗಡಿಯಾಚೆ ಮನೆ ಮಾಡಿ ಮರುವರ್ಷವೇ ಅಭ್ಯರ್ಥಿಯಾಗಲು ಯಾವ ಅಡ್ಡಿಯೂ ಇಲ್ಲ. ಭಾರತದಲ್ಲಿಯೂ ಸ್ಥಿತಿ ಇದಕ್ಕಿಂತ ಭಿನ್ನವಲ್ಲ. ದೇಶದ ಯಾವುದೇ ಲೋಕಸಭಾ ಕ್ಷೇತ್ರದ ಮತದಾರನಾಗಿದ್ದರೆ ಸಾಮಾನ್ಯವಾಗಿ ಮತ್ತೊಂದು ರಾಜ್ಯದ ಕ್ಷೇತ್ರದಲ್ಲಿ ನಿಲ್ಲಬಹುದು. ರಾಜ್ಯಸಭೆಗೆ ಇದ್ದ ವಾಸಸ್ಥಳದ ನಿಯಮವನ್ನು ಸಂಸತ್ತು 2003ರಲ್ಲಿ ತೆಗೆದುಹಾಕಿತು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕಾನೂನು ಮೌನವಾಗಿರುವ ಈ ಜಾಗದಲ್ಲಿ ಮಾತನಾಡಬೇಕಾದವರು ಮತದಾರರು. ಅವರು ಏನನ್ನು ಕೇಳಬೇಕೆಂಬುದನ್ನು ತಿಳಿಯಲು ವೆಸ್ಟ್ ವರ್ಜೀನಿಯಾ ಎಂಬ ಬೆಟ್ಟಗಳ ರಾಜ್ಯದ ಅನುಭವ ಉಪಯುಕ್ತವಾಗಿದೆ.

ಬೇರೆಯವರ ಒಡೆತನದ ಬೆಟ್ಟ

ವೆಸ್ಟ್ ವರ್ಜೀನಿಯಾ 1863ರಲ್ಲಿ ವರ್ಜೀನಿಯಾದಿಂದ ಬೇರೆಯಾಗಿ ಹುಟ್ಟಿದ ರಾಜ್ಯ. ಅಪಲೇಚಿಯನ್ ಪರ್ವತಶ್ರೇಣಿಯ ಮಡಿಲಲ್ಲಿರುವ ಈ ನಾಡಿನ ಧ್ಯೇಯವಾಕ್ಯ ‘ಬೆಟ್ಟದವರು ಎಂದೆಂದಿಗೂ ಸ್ವತಂತ್ರರು’ ಎಂಬ ಅರ್ಥದ್ದು. ಆದರೆ ಬೆಟ್ಟದೊಳಗಿನ ಕಲ್ಲಿದ್ದಲಿನ ಬಹುಪಾಲು ಒಡೆತನ ಬೆಟ್ಟದವರ ಕೈಯಲ್ಲಿ ಉಳಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೇ ಭೂಗರ್ಭದ ಹಕ್ಕುಗಳು ದೂರದ ನಗರಗಳ ಕಂಪನಿಗಳ ಪಾಲಾದವು. ಮೇಲಿನ ಮಣ್ಣು ರೈತನದು, ಕೆಳಗಿನ ಕಲ್ಲಿದ್ದಲು ಎಂದೂ ಮುಖ ಕಾಣದ ಒಡೆಯನದು ಎಂಬ ವಿಚಿತ್ರ ವ್ಯವಸ್ಥೆ ಅಲ್ಲಿ ನೆಲೆಗೊಂಡಿತು.

ಇದರ ಫಲವೇನೆಂಬುದು 1972ರ ಫೆಬ್ರವರಿ 26ರಂದು ಲೋಗನ್ ಕೌಂಟಿಯ ಬಫೆಲೋ ಕ್ರೀಕ್ ಕಣಿವೆಯಲ್ಲಿ ಕಂಡಿತು. ಗಣಿಯ ಕಸದಿಂದಲೇ ಕಟ್ಟಿದ್ದ ಒಡ್ಡು ಮಳೆಗೆ ಒಡೆದು, ಕಪ್ಪು ನೀರು ಸಾಲುಸಾಲು ಹಳ್ಳಿಗಳ ಮೇಲೆ ನುಗ್ಗಿತು. 125 ಮಂದಿ ಸತ್ತರು. ಸಾವಿರಾರು ಜನ ಮನೆ ಕಳೆದುಕೊಂಡರು. ಒಡ್ಡಿನ ಒಡೆತನ ಹೊಂದಿದ್ದ ಪಿಟ್ಸ್‌ಟನ್ ಕಂಪನಿಯ ಕಚೇರಿ ಇದ್ದುದು ನ್ಯೂಯಾರ್ಕಿನಲ್ಲಿ. ನಡೆದದ್ದು ದೈವಕೃತ್ಯವೆಂಬುದು ಕಂಪನಿಯ ಕಡೆಯವರ ಮೊದಲ ಸಮಜಾಯಿಷಿಯಾಗಿತ್ತು. ಕಣಿವೆಯ ಕೆಳಗೆ ಮಲಗುವವನು ಆ ಒಡ್ಡನ್ನು ಪ್ರತಿ ಮಳೆಗೂ ನೋಡಿ ಬರುತ್ತಾನೆ. ನ್ಯೂಯಾರ್ಕಿನಲ್ಲಿ ಕುಳಿತವನಿಗೆ ಅದು ಲೆಕ್ಕಪುಸ್ತಕದ ಒಂದು ಸಾಲು.

ನಂತರದ ದಶಕಗಳಲ್ಲಿ ಸುರಂಗ ತೋಡುವ ಕೆಲಸ ಕಡಿಮೆಯಾಗಿ, ಬೆಟ್ಟದ ತಲೆಯನ್ನೇ ಸಿಡಿಮದ್ದಿನಿಂದ ಹಾರಿಸುವ ಗಣಿಗಾರಿಕೆ ಹಬ್ಬಿತು. ಕಾಡನ್ನು ಕಡಿದು, ನೂರಾರು ಅಡಿ ಬಂಡೆಯನ್ನು ಸಿಡಿಸಿ, ಬಂದ ಮಣ್ಣುಕಲ್ಲನ್ನು ಪಕ್ಕದ ಕಣಿವೆಗೆ ಸುರಿಯುವುದು ಇದರ ವಿಧಾನ. ಹೀಗೆ ಮುಚ್ಚಿಹೋದ ಅಪಲೇಚಿಯಾದ ತಲೆಹಳ್ಳಗಳ ಉದ್ದ ಸುಮಾರು 2,000 ಮೈಲಿ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೇ ಅಂದಾಜು ಮಾಡಿದೆ. ಹಳ್ಳದ ಹುಟ್ಟನ್ನು ಮುಚ್ಚಿದರೆ ಕೆಳಗಿನ ಹೊಳೆ ಏನಾಗುವುದೆಂಬುದನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಇಷ್ಟಾದರೂ ಉದ್ಯೋಗ ಉಳಿಯಿತೇ? 1940ರ ದಶಕದಲ್ಲಿ ಲಕ್ಷಕ್ಕೂ ಹೆಚ್ಚಿದ್ದ ಆ ರಾಜ್ಯದ ಗಣಿ ಕಾರ್ಮಿಕರ ಸಂಖ್ಯೆ 2010ರ ದಶಕದ ಕೊನೆಗೆ 20,000ಕ್ಕಿಂತ ಕೆಳಗಿಳಿದಿತ್ತು. ಕೆಲಸವನ್ನು ಬಹುಮಟ್ಟಿಗೆ ನುಂಗಿದ್ದು ಯಂತ್ರ. ಆದರೆ ಸಿಟ್ಟು ತಿರುಗಿದ್ದು ಪರಿಸರ ಕಾನೂನಿನ ಕಡೆಗೆ.

ನದಿ ಕೆಟ್ಟ ವರ್ಷದ ಚುನಾವಣೆ

2014ರ ಜನವರಿ 9ರಂದು ರಾಜಧಾನಿ ಚಾರ್ಲ್ಸ್‌ಟನ್ ಬಳಿ ಎಲ್ಕ್ ನದಿಯ ದಡದಲ್ಲಿದ್ದ ಫ್ರೀಡಮ್ ಇಂಡಸ್ಟ್ರೀಸ್ ಎಂಬ ಕಂಪನಿಯ ತೊಟ್ಟಿಯಿಂದ, ಕಲ್ಲಿದ್ದಲು ತೊಳೆಯಲು ಬಳಸುವ ರಾಸಾಯನಿಕವೊಂದು ಸೋರಿ ನದಿಗೆ ಸೇರಿತು. ನಗರಕ್ಕೆ ಕುಡಿಯುವ ನೀರೆತ್ತುವ ಜಾಗ ಅಲ್ಲಿಂದ ಕೆಳಗೆ ಕೇವಲ ಒಂದೂವರೆ ಮೈಲಿ ದೂರದಲ್ಲಿತ್ತು. ಒಂಬತ್ತು ಕೌಂಟಿಗಳ ಸುಮಾರು 3 ಲಕ್ಷ ಜನರಿಗೆ ನಲ್ಲಿಯ ನೀರನ್ನು ಕುಡಿಯಬೇಡಿ, ಅಡುಗೆಗೆ ಬಳಸಬೇಡಿ, ಸ್ನಾನಕ್ಕೂ ಮುಟ್ಟಬೇಡಿ ಎಂದು ಆದೇಶವಾಯಿತು. ನದಿಗಳ ನಾಡಿನಲ್ಲಿ ಜನ ಹಲವು ದಿನ ಬಾಟಲಿ ನೀರಿಗಾಗಿ ಸಾಲು ನಿಂತರು. ದಾಸ್ತಾನು ತೊಟ್ಟಿಗಳ ತಪಾಸಣೆಗೆ ರಾಜ್ಯದ ಶಾಸನಸಭೆ ಕಾನೂನು ಮಾಡಿದ್ದು ಆ ನಂತರ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಅದೇ ವರ್ಷ ಆ ನಗರವನ್ನೂ ಒಳಗೊಂಡಿದ್ದ ಎರಡನೆಯ ಕಾಂಗ್ರೆಸ್ ಕ್ಷೇತ್ರ ತೆರವಾಗಿತ್ತು. ರಿಪಬ್ಲಿಕನ್ ಪಕ್ಷದಿಂದ ಕಣಕ್ಕಿಳಿದವರು ಅಲೆಕ್ಸ್ ಮೂನಿ. ಅವರು ನೆರೆಯ ಮೇರಿಲ್ಯಾಂಡ್ ರಾಜ್ಯದ ಸೆನೆಟ್ಟಿನಲ್ಲಿ 1999ರಿಂದ 12 ವರ್ಷ ಸದಸ್ಯರಾಗಿದ್ದು 2010ರಲ್ಲಿ ಸೋತವರು. ಅನಂತರ 2013ರ ಆರಂಭದವರೆಗೆ ಅದೇ ರಾಜ್ಯದಲ್ಲಿ ತಮ್ಮ ಪಕ್ಷದ ಅಧ್ಯಕ್ಷರಾಗಿದ್ದವರು. ಆ ಹುದ್ದೆ ಬಿಟ್ಟು ವೆಸ್ಟ್ ವರ್ಜೀನಿಯಾದ ಪೂರ್ವದ ಅಂಚಿನಲ್ಲಿರುವ ಚಾರ್ಲ್ಸ್ ಟೌನ್ ಎಂಬ ಪುಟ್ಟ ಪಟ್ಟಣಕ್ಕೆ ಮನೆ ಬದಲಿಸಿದರು. ಹೆಸರು ಹತ್ತಿರವಾದರೂ ಚಾರ್ಲ್ಸ್ ಟೌನಿಗೂ ಚಾರ್ಲ್ಸ್‌ಟನ್ನಿಗೂ ನಡುವೆ ನಾಲ್ಕುನೂರು ಕಿಲೋಮೀಟರಿಗೂ ಹೆಚ್ಚಿನ ಹಾದಿಯಿದೆ. ಎಲ್ಕ್ ನದಿಗೆ ವಿಷ ಬಿದ್ದ ದಿನ ಅವರು ಮೇರಿಲ್ಯಾಂಡಿನ ಪಕ್ಷಾಧ್ಯಕ್ಷತೆಯಿಂದ ಇಳಿದು ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಎದುರಾಳಿಯಾಗಿದ್ದವರು ಚಾರ್ಲ್ಸ್‌ಟನ್ನಿನ ವಕೀಲ, ಡೆಮಾಕ್ರಟಿಕ್ ಪಕ್ಷದ ನಿಕ್ ಕೇಸಿ. ಮೂನಿ ಶೇಕಡಾ 47ರಷ್ಟು ಮತ ಪಡೆದು, ಶೇಕಡಾ 44ರಷ್ಟು ಪಡೆದ ಕೇಸಿಯವರನ್ನು ಸೋಲಿಸಿದರು.

ಜನ ದಡ್ಡರಾಗಿದ್ದರಿಂದ ಹೀಗಾಯಿತೆಂದು ಹೇಳುವುದು ಅನ್ಯಾಯ. ಗಣಿಗಳು ಮುಚ್ಚುತ್ತಿದ್ದವು. ಅಧ್ಯಕ್ಷ ಒಬಾಮರ ಹವಾಮಾನ ನೀತಿ ‘ಕಲ್ಲಿದ್ದಲಿನ ಮೇಲೆ ಸಾರಿದ ಯುದ್ಧ’ವೆಂಬ ಪ್ರಚಾರ ಮನೆಮನೆಗೂ ಮುಟ್ಟಿತ್ತು. ಹೊಟ್ಟೆಪಾಡಿನ ಭಯದ ಮುಂದೆ, ಮತ ಕೇಳುವವನು ಎಲ್ಲಿಂದ ಬಂದ ಎಂಬ ಪ್ರಶ್ನೆ ಸಣ್ಣದಾಗಿ ಕಂಡಿರಬಹುದು. ಆದರೆ ಗೆದ್ದ ನಂತರ ನಡೆದದ್ದೇನು?

ಬೆಟ್ಟದ ಗಣಿಗಳಿಂದ ಹಳ್ಳಗಳನ್ನು ಕಾಯುವ ಹೊಸ ನಿಯಮವೊಂದನ್ನು ಆಗ ಕೇಂದ್ರ ಸರ್ಕಾರ ಸಿದ್ಧಪಡಿಸುತ್ತಿತ್ತು. ಅದನ್ನು ತಡೆಹಿಡಿಯುವ ಮಸೂದೆಯನ್ನು ಪ್ರತಿನಿಧಿ ಸಭೆಯಲ್ಲಿ ಮಂಡಿಸಿದವರು ಮೂನಿ. 2016ರ ಜನವರಿಯಲ್ಲಿ ಸಭೆ ಅದನ್ನು ಅಂಗೀಕರಿಸಿತು, ಕಾನೂನಾಗಲಿಲ್ಲ. ನಿಯಮವು 2016ರ ಡಿಸೆಂಬರಿನಲ್ಲಿ ಪ್ರಕಟವಾಯಿತಾದರೂ, 2017ರ ಫೆಬ್ರವರಿಯಲ್ಲಿ ಹೊಸ ಕಾಂಗ್ರೆಸ್ ಮತ್ತು ಅಧ್ಯಕ್ಷ ಟ್ರಂಪ್ ಅದನ್ನು ಸಂಪೂರ್ಣ ರದ್ದುಮಾಡಿದರು. ಕುಡಿಯುವ ನೀರು ಕೆಟ್ಟ ವರ್ಷದಲ್ಲಿ ಆಯ್ಕೆಯಾದ ಪ್ರತಿನಿಧಿ ಹಳ್ಳದ ಕಾವಲಿನ ವಿರುದ್ಧ ಮುಂದಾಳಾಗಿ ನಿಂತದ್ದು ದಾಖಲೆಯಲ್ಲಿದೆ.

ಒಂದು ಮತ, ಎರಡು ಋಣ

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ಅಲ್ಲೇ ಹುಟ್ಟಿ ಬೆಳೆದ ರಾಜಕಾರಣಿಗಳೂ ಕಲ್ಲಿದ್ದಲಿನ ಪರವಾಗಿಯೇ ಇದ್ದರಲ್ಲ, ಹೊರಗಿನವರನ್ನು ಮಾತ್ರ ಏಕೆ ದೂರಬೇಕು? ಆಕ್ಷೇಪಣೆ ನ್ಯಾಯವಾದುದೇ. ಉತ್ತರ 2021–22ರ ಘಟನೆಗಳಲ್ಲಿದೆ.

ವ್ಹೀಲಿಂಗ್ ನಗರದ ಡೇವಿಡ್ ಮೆಕಿನ್ಲಿ ವೃತ್ತಿಯಿಂದ ಎಂಜಿನಿಯರ್. ಏಳು ತಲೆಮಾರಿನಿಂದ ಆ ರಾಜ್ಯದಲ್ಲಿಯೇ ಬೇರೂರಿದ ಮನೆತನದವರು. 2011ರಿಂದ ರಿಪಬ್ಲಿಕನ್ ಪಕ್ಷದ ಪ್ರತಿನಿಧಿ. ಅವರೇನೂ ಪರಿಸರವಾದಿಯಲ್ಲ, ಕಲ್ಲಿದ್ದಲಿನ ಬಲವಾದ ವಕೀಲರು. 2021ರ ನವೆಂಬರಿನಲ್ಲಿ ರಸ್ತೆ, ಸೇತುವೆ, ಕುಡಿಯುವ ನೀರು ಮೊದಲಾದ ಮೂಲಸೌಕರ್ಯಗಳ ಬೃಹತ್ ಮಸೂದೆ ಸಭೆಯ ಮುಂದೆ ಬಂತು. ಕೈಬಿಟ್ಟ ಹಳೆಯ ಗಣಿಗಳನ್ನು ಶುದ್ಧಗೊಳಿಸಲು ಸುಮಾರು 1,130 ಕೋಟಿ ಡಾಲರ್, ವಾರಸುದಾರರಿಲ್ಲದ ತೈಲ ಮತ್ತು ಅನಿಲ ಬಾವಿಗಳನ್ನು ಮುಚ್ಚಲು ಸುಮಾರು 470 ಕೋಟಿ ಡಾಲರ್ ಅದರಲ್ಲಿತ್ತು. ಹಳೆಯ ಗಣಿಗಳಿಂದ ಆಮ್ಲದ ನೀರು ಜಿನುಗಿ ಹೊಳೆಗಳು ಕಿತ್ತಳೆ ಬಣ್ಣಕ್ಕೆ ತಿರುಗಿರುವ, ಗುಡ್ಡ ಜರಿಯುವ, ನೆಲ ಕುಸಿಯುವ ವೆಸ್ಟ್ ವರ್ಜೀನಿಯಾಕ್ಕೆ ಇದಕ್ಕಿಂತ ಅಗತ್ಯವಾದ ಹಣ ಬೇರೊಂದಿರಲಿಲ್ಲ.

ಮಸೂದೆಯನ್ನು ತಂದವರು ಎದುರು ಪಕ್ಷದ ಅಧ್ಯಕ್ಷ ಬೈಡನ್. ಪ್ರತಿನಿಧಿ ಸಭೆಯಲ್ಲಿ ಅದಕ್ಕೆ ಮತ ಕೊಟ್ಟ ರಿಪಬ್ಲಿಕನ್ನರು 13 ಮಂದಿ ಮಾತ್ರ. ಅವರಲ್ಲಿ ಮೆಕಿನ್ಲಿ ಒಬ್ಬರು. ಮೂನಿ ವಿರೋಧವಾಗಿ ಮತ ಹಾಕಿದರು. ಮಿತಿಮೀರಿದ ಖರ್ಚು ಎಂಬುದು ಅವರು ಕೊಟ್ಟ ಕಾರಣಗಳಲ್ಲೊಂದು. ಒಬ್ಬರಿಗೆ ಪಕ್ಷದ ಸಿಟ್ಟಿಗಿಂತ ಊರಿನ ಹೊಳೆ ದೊಡ್ಡದಾಗಿ ಕಂಡಿತು. ಇನ್ನೊಬ್ಬರಿಗೆ ಪಕ್ಷದ ನಿಲುವೇ ದೊಡ್ಡದಾಯಿತು. ಇಬ್ಬರೂ ಒಂದೇ ಪಕ್ಷದವರು, ಇಬ್ಬರೂ ಕಲ್ಲಿದ್ದಲಿನ ಪರ. ಹಾಗಿದ್ದೂ ಅವರ ಮತಗಳು ಬೇರೆಯಾದುದರ ಕಾರಣವನ್ನು ಋಣದಲ್ಲಿ ಹುಡುಕಬೇಕು. ಏಳು ತಲೆಮಾರಿನ ಸಮಾಧಿಗಳಿರುವ ಊರಿನಲ್ಲಿ ಬದುಕುವವನು ನಾಳೆ ಆ ಊರಿನ ಬೀದಿಯಲ್ಲಿ ಉತ್ತರ ಹೇಳಬೇಕು. ರಾಜ್ಯದೊಳಗೆ ಯಾವ ಮೆಟ್ಟಿಲನ್ನೂ ಹತ್ತದೆ ನೇರವಾಗಿ ವಾಷಿಂಗ್ಟನ್ನಿಗೆ ಟಿಕೆಟ್ ಪಡೆದವನಿಗೆ ಬೆನ್ನೆಲುಬಾಗುವುದು ಪಕ್ಷ ಮತ್ತು ಅದರ ಹಣ. ಉತ್ತರವನ್ನೂ ಅವನು ಅಲ್ಲಿಗೇ ಹೇಳುತ್ತಾನೆ.

2020ರ ಜನಗಣತಿಯ ನಂತರ ಆ ರಾಜ್ಯದ ಮೂರು ಸ್ಥಾನಗಳು ಎರಡಕ್ಕಿಳಿದು, ಈ ಇಬ್ಬರೂ ಒಂದೇ ಕ್ಷೇತ್ರದಲ್ಲಿ ಪಕ್ಷದ ಅಭ್ಯರ್ಥಿ ಸ್ಥಾನಕ್ಕಾಗಿ ಪರಸ್ಪರ ಎದುರಾಗಬೇಕಾಯಿತು. ಟ್ರಂಪ್ ಬೆಂಬಲ ಮೂನಿಯವರಿಗೆ ದೊರೆಯಿತು. ಮೂಲಸೌಕರ್ಯದ ಮಸೂದೆಗೆ ಕೊಟ್ಟ ಮತವೇ ಮೆಕಿನ್ಲಿಯವರ ವಿರುದ್ಧದ ಮುಖ್ಯ ಆರೋಪಗಳಲ್ಲೊಂದಾಯಿತು. 2022ರ ಮೇ 10ರಂದು ಮೂನಿ ಭಾರೀ ಅಂತರದಿಂದ ಗೆದ್ದರು. ಆ ಹೊತ್ತಿಗೆ ಅವರು ಅಲ್ಲಿ ನೆಲೆಸಿ ಸುಮಾರು ಒಂಬತ್ತು ವರ್ಷವಾಗಿತ್ತೆಂಬುದನ್ನು ಮರೆಯಬಾರದು. ವಿಳಾಸ ಹಳೆಯದಾಗಿತ್ತು, ಋಣ ಮಾತ್ರ ಇನ್ನೂ ಬೇರೆ ಕಡೆಗಿತ್ತು. ಹಳ್ಳ ಶುದ್ಧಗೊಳಿಸುವ ಹಣಕ್ಕೆ ಮತ ಕೊಟ್ಟವರು ಮನೆಗೆ ಹೋದರು. ಹಣವೇನೋ ರಾಜ್ಯಕ್ಕೆ ಬಂತು. ಪೆನ್ಸಿಲ್ವೇನಿಯಾದ ನಂತರ ಗಣಿ ಶುದ್ಧೀಕರಣದ ಅತಿದೊಡ್ಡ ಪಾಲು ವೆಸ್ಟ್ ವರ್ಜೀನಿಯಾಕ್ಕೇ ದಕ್ಕಿತು.

‘ಹೊರಗಿನವನು’ ಎಂಬ ಅಸ್ತ್ರ

ಇಷ್ಟನ್ನು ಓದಿ ‘ಹೊರಗಿನವರನ್ನು ಸೇರಿಸಬೇಡಿ’ ಎಂಬ ತೀರ್ಮಾನಕ್ಕೆ ಯಾರಾದರೂ ಬಂದರೆ ಅದು ಅಪಾಯಕರ. ಅಮೆರಿಕದಲ್ಲಿ ಇಂಥ ಅಭ್ಯರ್ಥಿಯನ್ನು ‘ಕಾರ್ಪೆಟ್‌ಬ್ಯಾಗರ್’ ಎಂದು ಹಂಗಿಸುವ ರೂಢಿಯಿದೆ. ಅಂತರ್ಯುದ್ಧದ ನಂತರ ಜಮಖಾನೆಯ ಬಟ್ಟೆಯ ಚೀಲ ಹಿಡಿದು ದಕ್ಷಿಣಕ್ಕೆ ಬಂದ ಉತ್ತರದವರಿಗೆ ಅಂಟಿದ ಹೆಸರದು. ಅವರಲ್ಲಿ ಲಾಭಕೋರರೂ ಇದ್ದರು, ಬಿಡುಗಡೆಯಾದ ಗುಲಾಮರ ಮಕ್ಕಳಿಗೆ ಶಾಲೆ ತೆರೆಯಲು ಬಂದವರೂ ಇದ್ದರು. ಬೈಗುಳ ಇಬ್ಬರಿಗೂ ಒಂದೇ ಆಗಿತ್ತು.

ವೆಸ್ಟ್ ವರ್ಜೀನಿಯಾದ ಬೆಟ್ಟಗಳ ಪರವಾಗಿ ಕಾಂಗ್ರೆಸ್ಸಿನಲ್ಲಿ ಅತ್ಯಂತ ಗಟ್ಟಿಯಾಗಿ ಮಾತನಾಡಿದ ಕೆನ್ ಹೆಕ್ಲರ್ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದವರು. 1957ರಲ್ಲಿ ಹಂಟಿಂಗ್ಟನ್ನಿನ ಕಾಲೇಜಿಗೆ ಪಾಠ ಹೇಳಲು ಬಂದು, ಮರುವರ್ಷವೇ ಕಾಂಗ್ರೆಸ್ಸಿಗೆ ಆಯ್ಕೆಯಾದರು! ವಿಳಾಸದ ಲೆಕ್ಕದಲ್ಲಿ ಅವರೂ ಮೂನಿಯವರಷ್ಟೇ ಹೊಸಬರು. ಆದರೆ ಗಣಿ ಕಾರ್ಮಿಕರ ಸುರಕ್ಷತೆಗಾಗಿ 1969ರ ಕಾನೂನನ್ನು ತರಲು ಹೋರಾಡಿದರು. ತೆರೆದ ಗಣಿಗಾರಿಕೆಯನ್ನೇ ನಿಷೇಧಿಸುವ ಮಸೂದೆಯನ್ನು 1971ರಲ್ಲಿ ಮಂಡಿಸಿದರು. 2009ರಲ್ಲಿ, 94ನೆಯ ವಯಸ್ಸಿನಲ್ಲಿ, ಕೋಲ್ ನದಿಯ ಕಣಿವೆಯಲ್ಲಿ ಬೆಟ್ಟ ಸಿಡಿಸುವುದರ ವಿರುದ್ಧ ಪ್ರತಿಭಟಿಸಿ ಬಂಧನಕ್ಕೊಳಗಾದರು. 2016ರಲ್ಲಿ ತೀರಿಕೊಳ್ಳುವವರೆಗೂ ಅವರ ಋಣ ಆ ಬೆಟ್ಟಗಳಿಗೇ ಇತ್ತು.

ಜೇ ರಾಕ್‌ಫೆಲರ್ ಕತೆ ಇನ್ನೂ ಬೋಧಪ್ರದ. ಅಮೆರಿಕದ ಅತಿ ಶ್ರೀಮಂತ ಮನೆತನವೊಂದರ ಕುಡಿಯಾದ ಅವರು 1964ರಲ್ಲಿ ಎಮನ್ಸ್ ಎಂಬ ಗಣಿಹಳ್ಳಿಗೆ ಸ್ವಯಂಸೇವಕರಾಗಿ ಬಂದರು. ರಾಜ್ಯದ ಶಾಸನಸಭೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿದರು. 1972ರಲ್ಲಿ ತೆರೆದ ಗಣಿಗಾರಿಕೆಯ ನಿಷೇಧವನ್ನು ಬೆಂಬಲಿಸಿ ರಾಜ್ಯಪಾಲ ಹುದ್ದೆಗೆ ನಿಂತಾಗ ‘ಹೊರಗಿನವನು’ ಎಂಬ ಟೀಕೆ ಅವರನ್ನು ಬಲವಾಗಿಯೇ ತಾಗಿತು. ಅವರು ಸೋತರು. ಮುಂದೆ ನಿಷೇಧದ ಮಾತನ್ನು ಕೈಬಿಟ್ಟು 1976ರಲ್ಲಿ ಗೆದ್ದರು. ಎಂದರೆ ಈ ಅಸ್ತ್ರಕ್ಕೆ ಎರಡೂ ಕಡೆ ಅಲಗಿದೆ. ಅಲ್ಲಿಯೇ ಹುಟ್ಟಿದ ಜೂಡಿ ಬಾಂಡ್ಸ್ ಎಂಬ ಗಣಿ ಕಾರ್ಮಿಕನ ಮಗಳು ಬೆಟ್ಟ ಉಳಿಸಲು ಹೋರಾಡಿ 2003ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಪಡೆದಾಗಲೂ, ಅವರಿಗೆ ಬೆದರಿಕೆಗಳು ತಪ್ಪಲಿಲ್ಲ. ಮಲೆನಾಡಿನ ಹೋರಾಟಗಾರರಿಗೂ ‘ಎಲ್ಲಿಂದಲೋ ಬಂದವರು’ ಎಂಬ ಮಾತು ಹೊಸದಲ್ಲ.

ಒಳಗಿನವರಾದ ಮಾತ್ರಕ್ಕೆ ಭರವಸೆಯೂ ಇಲ್ಲ. 2024ರಲ್ಲಿ ಮೂನಿ ಸೆನೆಟ್ ಸ್ಥಾನಕ್ಕೆ ಪ್ರಯತ್ನಿಸಿ ತಮ್ಮ ಪಕ್ಷದೊಳಗಿನ ಚುನಾವಣೆಯಲ್ಲಿಯೇ ಸೋತರು. 2025ರ ಜನವರಿಯಲ್ಲಿ ಅವರ ಪ್ರತಿನಿಧಿತ್ವ ಕೊನೆಗೊಂಡಿತು. ಅವರನ್ನು ಸೋಲಿಸಿದ ಜಿಮ್ ಜಸ್ಟಿಸ್ ಆ ರಾಜ್ಯದಲ್ಲಿಯೇ ಹುಟ್ಟಿದವರು, ಸ್ವತಃ ಕಲ್ಲಿದ್ದಲು ಕಂಪನಿಗಳ ಒಡೆತನದ ಮನೆತನದವರು. ಬೇಲಿಯೇ ಎದ್ದು ಹೊಲ ಮೇಯುವ ಸಾಧ್ಯತೆಯನ್ನೂ ಮತದಾರ ನೆನಪಿಡಬೇಕು.

ಕೇಳಬೇಕಾದ ಮೂರು ಪ್ರಶ್ನೆ

ಘಟ್ಟದ ಜನರಿಗೂ ಈ ಅನುಭವವಿದೆ. 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿಯವರು ಚಿಕ್ಕಮಗಳೂರಿನಿಂದ ಲೋಕಸಭೆಗೆ ನಿಂತರು. ಸ್ಥಳೀಯ ಸಂಸದರಾಗಿದ್ದ ಡಿ.ಬಿ. ಚಂದ್ರೇಗೌಡರು ಸ್ಥಾನ ತೆರವು ಮಾಡಿಕೊಟ್ಟಿದ್ದರು. ವೀರೇಂದ್ರ ಪಾಟೀಲರನ್ನು 70,000ಕ್ಕೂ ಹೆಚ್ಚು ಮತಗಳಿಂದ ಸೋಲಿಸಿ ಇಂದಿರಾ ಗೆದ್ದರು. ಡಿಸೆಂಬರಿನಲ್ಲಿ ಲೋಕಸಭೆ ಅವರನ್ನು ಉಚ್ಚಾಟಿಸಿತು. 1980ರಲ್ಲಿ ಅವರು ನಿಂತದ್ದು ರಾಯ್‌ಬರೇಲಿ ಮತ್ತು ಮೇದಕ್‌ನಿಂದ. ಅದೇ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ ಅದಿರು ಗಣಿಯ ಕೆಲಸ ನಡೆಯುತ್ತಿದ್ದ ವರ್ಷಗಳವು. 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಎದುರಾದಾಗ ಇಬ್ಬರೂ ಹೊರಗಿನವರೇ. ಗೆದ್ದ ಸೋನಿಯಾ ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟರು. ದೇಶವೇ ತಿರುಗಿ ನೋಡಿದ ಈ ಎರಡೂ ಸ್ಪರ್ಧೆಗಳಿಂದ ಆ ಕ್ಷೇತ್ರಗಳಿಗೆ ಬಾಳಿಕೆಯ ಪ್ರತಿನಿಧಿ ದೊರೆಯಲಿಲ್ಲ.

ಆದ್ದರಿಂದ ಹುಟ್ಟೂರನ್ನು ಕೇಳುವ ಬದಲು ಮೂರು ಪ್ರಶ್ನೆಗಳನ್ನು ಕೇಳುವುದು ಲೇಸು. ಮತ ಕೇಳುವ ಮೊದಲು ಈ ವ್ಯಕ್ತಿ ಈ ನೆಲಕ್ಕಾಗಿ ಮಾಡಿದ ಕೆಲಸವೇನು? ಸೋತರೆ ಇಲ್ಲಿಯೇ ಉಳಿಯುವರೇ? ಪಕ್ಷದ ಅಪ್ಪಣೆಯೂ ಊರಿನ ಹಳ್ಳವೂ ಎದುರುಬದುರಾದಾಗ ಯಾವ ಕಡೆ ನಿಲ್ಲುವರು? ಮೂರನೆಯ ಪ್ರಶ್ನೆ ಭಾರತದಲ್ಲಿ ಹೆಚ್ಚು ಕಠಿಣ. ಮೆಕಿನ್ಲಿಯವರು ಪಕ್ಷವನ್ನು ಮೀರಿ ಮತ ಹಾಕಿದರು. 1985ರ ಪಕ್ಷಾಂತರ ನಿಷೇಧ ಕಾಯಿದೆಯಿಂದಾಗಿ ಇಲ್ಲಿನ ಸಂಸದ ವಿಪ್ ಮೀರಿದರೆ ಸ್ಥಾನವನ್ನೇ ಕಳೆದುಕೊಳ್ಳಬಹುದು. ಆದರೂ ಸದನದಲ್ಲಿ ಪ್ರಶ್ನೆ ಕೇಳುವುದನ್ನು, ಊರಿನ ಸಂಕಟವನ್ನು ಎತ್ತಿ ಹೇಳುವುದನ್ನು ಆ ಕಾಯಿದೆ ತಡೆದಿಲ್ಲ. ಯಾವ ಸಂಸದರು ಯಾವ ಪ್ರಶ್ನೆ ಕೇಳಿದರೆಂಬುದು ಲೋಕಸಭೆಯ ಸಾರ್ವಜನಿಕ ಕಡತಗಳಲ್ಲಿದೆ. ಓದುಬರಹ ಬಲ್ಲ ವಿದ್ಯಾರ್ಥಿಗಳು ಅದನ್ನು ತೆಗೆದು, ನದಿ ತಿರುವು, ಗಣಿ, ಕಾಡು ಇವುಗಳ ಬಗ್ಗೆ ತಮ್ಮ ಪ್ರತಿನಿಧಿ ಎಷ್ಟು ಬಾರಿ ಬಾಯಿ ತೆರೆದಿದ್ದಾರೆಂದು ಎಣಿಸಿ, ಆ ಪಟ್ಟಿಯನ್ನು ಊರಿನ ಸಭೆಯಲ್ಲಿ ಓದಲಿ. ಮುಂದಿನ ಚುನಾವಣೆಯಲ್ಲಿ ಕೈಮುಗಿದು ಬಾಗಿಲಿಗೆ ಬರುವವರು, ಒಳಗಿನವರಾಗಲಿ ಹೊರಗಿನವರಾಗಲಿ, ಮೊದಲು ಆ ಪಟ್ಟಿಗೆ ಉತ್ತರ ಹೇಳಲಿ.